ಆಚೆ ದಡದ ಕ್ಷಮೆ

ನೀರು ಸಿಡಿದು ಹಲ್ಲು ಒದ್ದೆಯಾದೀತೆಂದು ಪೆನಿಯಾಸಿ ಅದನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡಿದ್ದ. ತಿಮಿಂಗಿಲದ ಹಲ್ಲು, ಅಂಗೈಗಿಂತ ಉದ್ದದ್ದು, ಎರಡು ತುದಿಗೂ ನಾರಿನ ಹಗ್ಗ ಕಟ್ಟಿದ್ದು, ತಪ್ಪೊಪ್ಪಿಕೊಳ್ಳಲು ಹೋಗುವವರು ಒಪ್ಪಿಸುವಂಥದ್ದು. ಅದನ್ನು ಹೊಂದಿಸಿಕೊಳ್ಳಲು ಸಾಕಿದ ಹಂದಿಯನ್ನೂ ಹೆಂಡತಿ ನೇಯ್ದ ದೊಡ್ಡ ಚಾಪೆಯನ್ನೂ ಕೊಟ್ಟಿದ್ದ. ಎಂಜಿನ್ನಿನ ಹಿಡಿಕೆ ಹಿಡಿದು ದೋಣಿಯ ಹಿಂದುಗಡೆ ಕೂತವನ ಮುಖ ಕೊಲ್ಲಿಯ ಆಚೆ ದಡಕ್ಕೆ ತಿರುಗಿತ್ತು. ಅಲ್ಲಿ ಅವನ ಅಣ್ಣನ ಊರು. ಆ ದಡಕ್ಕೆ ಅವನು ಕಾಲಿಟ್ಟು ಆರು ವರ್ಷವಾಗಿತ್ತು.

ಹೆಂಡತಿ ಕೆಲೆರಾ ಮುಂದಿನ ತುದಿಯಲ್ಲಿ, ಸುರುಳಿ ಸುತ್ತಿದ ಚಾಪೆಗಳನ್ನು ತಬ್ಬಿಕೊಂಡು, ಗಂಡನಿಗೂ ಮಗಳಿಗೂ ಬೆನ್ನು ಮಾಡಿ ಕೂತಿದ್ದಳು. ಸಾವಿನ ಮನೆಯ ಕಪ್ಪು ಬಟ್ಟೆಯನ್ನು ಇನ್ನೂ ತೆಗೆದಿರಲಿಲ್ಲ. ನಡುವೆ, ಕುಟ್ಟಿ ನೀರಲ್ಲಿ ಕದಡಿ ಕುಡಿಯುವ ಯಂಗೋನಾ ಬೇರಿನ ಕಟ್ಟು. ಮಗಳು ತೊಕಾಸಾ ಅಪ್ಪನ ಮೊಣಕಾಲಿನ ಹತ್ತಿರ ಮುದುರಿಕೊಂಡಿದ್ದಳು. ಹದಿನೈದು ವರ್ಷದ ಹುಡುಗಿ. ಶಾಲೆಯವರು ಅವಳನ್ನು ಮನೆಗೆ ಕಳಿಸಿ ಒಂದು ತಿಂಗಳ ಮೇಲಾಗಿತ್ತು.

ಕಳಿಸದೆ ಏನು ಮಾಡುತ್ತಾರೆ? ಅಕ್ಕ ಉನಾಯಿಸಿಯನ್ನು ಮಣ್ಣು ಮಾಡಿದ ಮರುವಾರವೇ ಇವಳು ಕಲ್ಲು ತೂರಿ ತರಗತಿಯ ಕಿಟಕಿಯ ಗಾಜನ್ನೆಲ್ಲ ಒಡೆದಳು. ಚರ್ಚಿನ ಹಾಡಿನ ಗುಂಪಿನಲ್ಲಿ ಅಕ್ಕ ನಿಲ್ಲುತ್ತಿದ್ದ ಜಾಗಕ್ಕೆ ಬಂದು ನಿಂತ ಹುಡುಗಿಯ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು. ಊಟ ಬಿಟ್ಟಳು. ಅಕ್ಕನ ಸಮಾಧಿಯ ಮೇಲೆ ಹಾಸಿದ್ದ ಚಾಪೆಯನ್ನು ಎಳೆದು ಹೊದ್ದು ಅಲ್ಲೇ ಮಲಗಿದಳು. ಅಮ್ಮ ಅತ್ತು ಕರೆದರೆ ಅಮ್ಮನಿಗೇ ಬೈದಳು. ಕೊನೆಗೆ ಎಣ್ಣೆ ಹಚ್ಚಿ ಮೈ ನೀವುವ ಮುದುಕಿಯನ್ನು ಕರೆಸಿದರು. ಮುದುಕಿ ಹುಡುಗಿಯ ಬೆನ್ನಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಪೆನಿಯಾಸಿಗೆ ಹೇಳಿದಳು: "ಇದು ಕಾಯಿಲೆ ಅಲ್ಲ ಕಣಪ್ಪ. ದೊಡ್ಡದು ಹೋಯ್ತು. ಚಿಕ್ಕದೂ ಅದೇ ದಾರಿ ಹಿಡಿದಿದೆ. ಕೊಲ್ಲಿ ಆಚೆ ಕೂತಿರೋನ ಹೊಟ್ಟೆ ಉರಿ ಆರೋ ತನಕ ನಿನ್ನ ಮನೇಲಿ ಮಕ್ಕಳು ಉಳಿಯಲ್ಲ."

ಕೊಲ್ಲಿ ಆಚೆ ಕೂತವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆರು ವರ್ಷದ ಹಿಂದೆ ಪೆನಿಯಾಸಿಯ ತಾಯಿ ಮಗನ ಮನೆಗೆಂದು ಬಂದವಳು ಅಲ್ಲೇ ತೀರಿಕೊಂಡಳು. ಗಾಳಿ ಎದ್ದಿತ್ತು. ಎಷ್ಟು ಕಾದರೂ ಕೊಲ್ಲಿಯ ಅಲೆ ಇಳಿಯಲಿಲ್ಲ, ಹೆಣವನ್ನು ಇನ್ನು ಇಡುವ ಹಾಗಿರಲಿಲ್ಲ. ಪೆನಿಯಾಸಿ ತಾಯಿಯನ್ನು ತಾನಿದ್ದ ಹೆಂಡತಿಯ ಊರಿನಲ್ಲೇ ಮಣ್ಣು ಮಾಡಿದ. ಗಾಳಿ ನಿಂತ ಮೇಲೆ ದೋಣಿ ಮಾಡಿಕೊಂಡು ಬಂದ ಅಣ್ಣ ರೂಸಿಯಾತೆ, ಹಸಿ ಮಣ್ಣಿನ ಗುಡ್ಡೆಯ ಮುಂದೆ ನಿಂತು, ಊರಿನವರೆಲ್ಲ ಕೇಳುವ ಹಾಗೆ ಅಂದ: "ನಮ್ಮವ್ವನ್ನ ಪರರ ಮಣ್ಣಿಗೆ ಹಾಕ್ದೆ. ಈ ಮಣ್ಣು ನಿನ್ನ ಮಕ್ಕಳನ್ನೂ ಕೇಳ್ಲಿ." ಅಂದಿನಿಂದ ಮಾತಿಲ್ಲ. ತನ್ನದು ತಪ್ಪಲ್ಲ, ಸಮುದ್ರದ್ದು ತಪ್ಪು ಎಂದು ಪೆನಿಯಾಸಿ ಯಾರು ಕೇಳಿದರೂ ಹೇಳುತ್ತಿದ್ದ. ಪಾದ್ರಿ ಬಂದು ಹೇಳಿದರೂ ಬಗ್ಗಲಿಲ್ಲ. ಅಂಥವನು ಈಗ ಹಲ್ಲು ಹಿಡಿದು ಅಣ್ಣನ ಹೊಸ್ತಿಲಲ್ಲಿ ತಲೆ ತಗ್ಗಿಸಲು ಹೊರಟಿದ್ದ. ಉಳಿದ ಒಬ್ಬಳನ್ನು ಉಳಿಸಿಕೊಳ್ಳಲು.

ಅದು ತೊಕಾಸಾಗೆ ಗೊತ್ತಿತ್ತು. ಬೆಳಗ್ಗೆ ಅಪ್ಪ ಬಾವಿಯ ಹತ್ತಿರ ಯಾರೂ ಇಲ್ಲವೆಂದುಕೊಂಡು, ಅಣ್ಣನ ಮುಂದೆ ಹೇಳಬೇಕಾದ ಮಾತನ್ನು ಒಬ್ಬನೇ ಹೇಳಿ ಹೇಳಿ ನೋಡಿಕೊಳ್ಳುತ್ತಿದ್ದುದನ್ನು ಅವಳು ಕೇಳಿದ್ದಳು. ಒಂದೊಂದು ಸಲವೂ ‘ನನ್ನ ತಪ್ಪು’ ಎನ್ನುವಲ್ಲಿ ಮಾತು ತಡೆದು, ಅವನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ.

ದೋಣಿ ಕೊಲ್ಲಿಯ ನಡುವಿಗೆ ಬಂದಾಗ ಅವಳು ಎದ್ದು ಅಪ್ಪನ ಕಿವಿಗೆ ಬಾಯಿಟ್ಟಳು. ಎಂಜಿನ್ನಿನ ಸದ್ದಿನಲ್ಲಿ ಅಮ್ಮನಿಗೆ ಕೇಳುವಂತಿರಲಿಲ್ಲ. ಅದಕ್ಕಾಗಿಯೇ ಅವಳು ಇಲ್ಲಿಯವರೆಗೆ ಕಾದಿದ್ದಳು.

"ಅಪ್ಪಾ, ಅಕ್ಕ ಸೂಜಿ ಹಾಕಿಸ್ಕೊಳ್ಳಲಿಲ್ಲ. ನಾನು ಹಾಕಿಸ್ಕೊಂಡೆ."

ಪೆನಿಯಾಸಿ ಎಂಜಿನ್ನು ನಿಲ್ಲಿಸಿದ. ದೋಣಿ ಸ್ವಲ್ಪ ದೂರ ಜಾರಿ ಅಲೆಯ ಮೇಲೆ ತೂಗತೊಡಗಿತು.

"ಯಾಕ್ರೀ ನಿಂತ್ಹೋಯ್ತು?" ಕೆಲೆರಾ ಕತ್ತು ತಿರುಗಿಸಿದಳು.

"ಪೆಟ್ರೋಲ್ ಪೈಪು. ಕಸ ಸಿಕ್ಕಿದೆ."

"ಹೊರಡೋಕೆ ಮುಂಚೆ ನೋಡ್ಕೋಬಾರ್ದಾ? ಅವರ ಮನೆಗೆ ಹೊತ್ತು ಮೀರಿ ಹೋದ್ರೆ ಏನಂದ್ಕೊಳ್ತಾರೆ?"

"ನೋಡ್ತಿದೀನಲ್ಲ." ಅವನು ಎಂಜಿನ್ನಿನ ಮೇಲೆ ಬಾಗಿದ. ಮಗಳೂ ಬಾಗಿದಳು. ಪೈಪನ್ನು ಸುಮ್ಮನೆ ಬಿಚ್ಚಿ ಸುಮ್ಮನೆ ಹಾಕುತ್ತ ಅವನು ತಗ್ಗಿದ ದನಿಯಲ್ಲಿ ಕೇಳಿದ, "ಏನಂದೆ?"

ಉನಾಯಿಸಿಗೆ ಎಂಟೊಂಬತ್ತನೇ ವಯಸ್ಸಿನಲ್ಲಿ ಗಂಟಲು ನೋವು ಬಂದು, ಕೀಲು ಬಾತು, ಅದು ಎದೆಗೆ ಇಳಿದಿತ್ತು. ಗುಂಡಿಗೆ ಇನ್ನಷ್ಟು ಕೆಡದಿರಲೆಂದು ತಿಂಗಳಿಗೊಮ್ಮೆ ಸೊಂಟಕ್ಕೆ ಸೂಜಿ. ದಪ್ಪ ಸೂಜಿ, ಗಟ್ಟಿ ಮದ್ದು. ಹಾಕಿಸಿಕೊಂಡರೆ ಎರಡು ದಿನ ಕೂರಲಾಗದು, ಆಡಲಾಗದು. ಆ ದಿನ ಹತ್ತಿರ ಬಂದರೆ ಉನಾಯಿಸಿಗೆ ಹಿಂದಿನ ಸಂಜೆಯಿಂದಲೇ ವಾಂತಿ. ಕ್ರಿಸ್‌ಮಸ್ ಕಳೆದ ಮೇಲೆ ಊರಿನ ದವಾಖಾನೆಗೆ ಹೊಸ ನರ್ಸ್ ಬಂದಳು. ಅವಳಿಗೆ ಯಾರ ಮುಖವೂ ಗೊತ್ತಿರಲಿಲ್ಲ. ಶಾಲೆಯ ಹುಡುಗಿಯರೆಲ್ಲ ಒಂದೇ ಬಣ್ಣದ ಬಟ್ಟೆ, ಒಂದೇ ಅಳತೆಗೆ ಕತ್ತರಿಸಿದ ಕೂದಲು.

"ನೀನು ಹೋಗ್ತೀಯಾ ತೊಕಾ? ನಿಂಗೇನು, ಹಂದಿ ಚರ್ಮ. ನೋವೇ ಗೊತ್ತಾಗಲ್ಲ," ಅಂದಿದ್ದಳು ಉನಾಯಿಸಿ.

ತೊಕಾಸಾ ಹೋದಳು. ಹೆಸರು ಕೂಗಿದಾಗ ಎದ್ದು ನಿಂತಳು. ಹಲ್ಲು ಕಚ್ಚಿ ಒಂದು ಸದ್ದೂ ಮಾಡದೆ ಹಾಕಿಸಿಕೊಂಡಳು. ನರ್ಸ್ ಶಹಬ್ಬಾಸ್ ಎಂದಳು. ಹೊರಗೆ ದೀವಿಹಲಸಿನ ಮರದ ಹಿಂದೆ ಕಾಯುತ್ತಿದ್ದ ಅಕ್ಕ ಅವಳು ಕುಂಟಿಕೊಂಡು ಬಂದದ್ದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ಕರೆತಂದಳು. ಅಷ್ಟು ಪ್ರೀತಿಯಿಂದ ಅಕ್ಕ ಅವಳನ್ನು ಯಾವತ್ತೂ ನೋಡಿರಲಿಲ್ಲ. ಮುಂದಿನ ತಿಂಗಳು ಉನಾಯಿಸಿ ಕೇಳುವ ಮೊದಲೇ ಇವಳು ಹೊರಟು ನಿಂತಿದ್ದಳು.

ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು, "ಸೂಜಿ ಏನಾದರೂ ತಪ್ಪಿತ್ತಾ?" ಎಂದು ಕೇಳಿದಾಗ, "ಒಂದೂ ತಪ್ಪಿಸಿಲ್ಲ ಸಾರ್" ಎಂದು ಅಮ್ಮ ಆಣೆಯಿಟ್ಟು ಹೇಳಿದ್ದಳು. ಗೋಡೆಗೆ ಒರಗಿ ನಿಂತಿದ್ದ ತೊಕಾಸಾ ಬಾಯಿ ಬಿಡಲಿಲ್ಲ. ಆಗ ಉನಾಯಿಸಿ ಇನ್ನೂ ಉಸಿರಾಡುತ್ತಿದ್ದಳು.

ಇಷ್ಟನ್ನೂ ಅವಳು ಪೈಪಿನ ಕಡೆ ನೋಡುತ್ತ, ಹಿಂದು ಮುಂದಾಗಿ, ತುಂಡು ತುಂಡಾಗಿ ಹೇಳಿದಳು.

"ಎಷ್ಟು ಸಲ?" ಪೆನಿಯಾಸಿ ಕೇಳಿದ.

"ಐದು."

ಅವನು ನೀರಿನ ಕಡೆ ನೋಡಿದ. ಹೊಡೆಯುತ್ತಾನೆಂದು ಅವಳು ಕಾದಳು. ಹೊಡೆದಿದ್ದರೆ ಚೆನ್ನಾಗಿತ್ತು.

"ಅಮ್ಮಂಗೆ ಹೇಳಿದ್ಯಾ?"

"ಇಲ್ಲ. ತಿರುಗಿ ಹೋಗೋಣ ಅಪ್ಪಾ. ಅಜ್ಜಿ ಮಣ್ಣಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನೀನೇನೂ ತಪ್ಪು ಮಾಡಿಲ್ಲ."

"ತಿರುಗಿ ಹೋದ್ರೆ ಯಾಕೆ ಅಂತ ನಿಮ್ಮಮ್ಮ ಕೇಳ್ತಾಳೆ."

"ಕೇಳ್ಲಿ. ಹೇಳ್ತೀನಿ."

"ಹೇಳ್ಬೇಡ," ಅಂದ ಪೆನಿಯಾಸಿ. ಅವಳ ಮುಖ ನೋಡದೆ ಅಂದ. "ಕೇಳಿದ್ರೆ ಅವಳು ಬದುಕಲ್ಲ." ಆಮೇಲೆ ಹಗ್ಗ ಎಳೆದ. ಎಂಜಿನ್ನು ಮೊದಲ ಎಳೆತಕ್ಕೇ ಹತ್ತಿಕೊಂಡಿತು.

"ದೇವರು ದೊಡ್ಡವನು," ಎಂದಳು ಕೆಲೆರಾ ಮುಂದಿನಿಂದ.

ಆಚೆ ದಡದಲ್ಲಿ ಬಲೆ ಬಿಡಿಸುತ್ತ ಕೂತಿದ್ದವನು ಸೈಮೋನಿ, ಪೆನಿಯಾಸಿಯ ಸೋದರಮಾವನ ಮಗ. ಚೇಷ್ಟೆ ಮಾಡುವ ಹಕ್ಕಿದ್ದವನು. "ಯಾರಪ್ಪಾ ಇದು? ನಮ್ಮ ಪೆನಿಯಾಸಿ ಭಾವನ ತರ ಕಾಣುತ್ತೆ. ಆದ್ರೆ ಆ ಭಾವಂಗೆ ದೋಣಿ ನಡೆಸೋಕೆ ಬರ್ತಿರಲಿಲ್ವಲ್ಲ!"

"ಬಾಯಿ ಮುಚ್ಕೊಂಡು ಹಗ್ಗ ಹಿಡಿಯೋ."

"ಹಿಡೀತೀನಿ ಮಾರಾಯ. ಆರು ವರ್ಷದಿಂದ ಬೈಯೋರಿಲ್ದೆ ಸೊರಗಿ ಹೋಗಿದೀನಿ ನೋಡು." ಆಗ ಅವನ ಕಣ್ಣು ಪೆನಿಯಾಸಿಯ ಅಂಗಿಯೊಳಗಿನ ಉಬ್ಬಿನ ಮೇಲೆ ಬಿತ್ತು. ಸೈಮೋನಿ ತಲೆಯ ಟೋಪಿ ತೆಗೆದ. ಮತ್ತೆ ಮಾತಾಡದೆ ಮುಂದೆ ಓಡಿಹೋಗಿ ಸುದ್ದಿ ಮುಟ್ಟಿಸಿದ.

ರೂಸಿಯಾತೆಯ ಮನೆಯೊಳಗೆ ಬಾಗಿಲ ಹತ್ತಿರದ ಕೆಳಗಿನ ಜಾಗದಲ್ಲೇ ಮೂವರೂ ತಲೆ ತಗ್ಗಿಸಿ ಕೂತರು. ದೊಡ್ಡಪ್ಪ ಬರುವುದು ತಡವಾಯಿತು. ಒಳಗಿಂದ ದೊಡ್ಡಮ್ಮನ ದನಿ ಕೇಳುತ್ತಿತ್ತು: "ಎದ್ದೇಳಿ, ತಮ್ಮ ಬಂದಿದಾನೆ, ಎಷ್ಟು ಹೊತ್ತು ಕೂರಿಸ್ತೀರಾ." ರೂಸಿಯಾತೆ ಬಂದಾಗ ತೊಕಾಸಾ ಗುರುತು ಹಿಡಿಯಲಿಲ್ಲ. ಅವಳ ನೆನಪಿನಲ್ಲಿದ್ದವನು ಬಾಗಿಲಿಗೆ ತಲೆ ತಾಗುವಂಥ ಆಳು. ಈಗ ಬಂದವನು ಗೋಡೆ ಹಿಡಿದು ಬಂದ ಮುದುಕ. ಮನೆಯ ಯಜಮಾನ ಕೂರುವ ಮೇಲಿನ ಜಾಗಕ್ಕೆ ಹೋಗದೆ ತಮ್ಮನ ಎದುರಿಗೆ ಚಾಪೆಯ ಅಂಚಿನಲ್ಲೇ ಕುಸಿದು ಕೂತ.

ಪೆನಿಯಾಸಿ ಹಲ್ಲನ್ನು ಎರಡು ಕೈಯಲ್ಲೂ ಹಿಡಿದು ಮುಂದೆ ಚಾಚಿದ. ಬಾವಿಯ ಹತ್ತಿರ ತಡೆದಿದ್ದ ಮಾತು ಇಲ್ಲಿ ತಡೆಯಲಿಲ್ಲ. ನೀರು ಹರಿದ ಹಾಗೆ ಹೇಳಿದ: "ಅಣ್ಣಾ, ತಪ್ಪು ನಂದು. ನಮ್ಮವ್ವನ ವಿಷಯದಲ್ಲಿ ನಿನ್ನನ್ನ ಕಾಯದೆ ಹೋದೆ. ಆ ತಪ್ಪು ನನ್ನ ಮನೆಗೆ ಹೊಕ್ಕು ಮಗಳನ್ನ ತಗೊಂಡು ಹೋಯ್ತು. ಇದನ್ನ ತಗೋ. ಇಲ್ಲಿಗೆ ಮುಗಿಸು. ಉಳಿದಿರೋಳನ್ನ ನಂಗೆ ಬಿಡು."

ರೂಸಿಯಾತೆ ಕೈ ಚಾಚಲಿಲ್ಲ. ಹಲ್ಲು ಇಬ್ಬರ ನಡುವೆ ಹಾಗೇ ನಿಂತಿತು. ಕೆಲೆರಾ ಬಾಯಿಗೆ ಅಂಗೈ ಒತ್ತಿಕೊಂಡಳು.

"ನಾನು ಅಂದ್ಬಿಟ್ಟೆ," ಎಂದ ಮುದುಕ. "ಸಿಟ್ಟಲ್ಲಿ ಅಂದೆ ಕಣೋ. ಅಂದ ದಿನವೇ ದೋಣೀಲಿ ಬರ್ತಾ ನಾಲಿಗೆ ಕಚ್ಕೊಂಡೆ. ತಿರುಗಿ ಬಂದು ವಾಪಸ್ ತಗೋಬೇಕಿತ್ತು. ಬರಲಿಲ್ಲ. ಆ ಮಗು ಸತ್ತ ಸುದ್ದಿ ಬಂದಾಗಿನಿಂದ ನಂಗೆ ಊಟ ಸೇರಲ್ಲ. ಈ ಬಾಯಿ ಕೊಂದಿತು ಅವಳನ್ನ. ಯಾವ ಮುಖ ಇಟ್ಕೊಂಡು ಇದನ್ನ ತಗೊಳ್ಲಿ?" ಅವನು ತನ್ನ ಬಾಯಿಗೆ ತಾನೇ ಹೊಡೆದುಕೊಂಡ. ಇನ್ನೊಮ್ಮೆ ಹೊಡೆದುಕೊಂಡ. ದೊಡ್ಡಮ್ಮ ಓಡಿಬಂದು ಕೈ ಹಿಡಿದಳು.

"ದೊಡ್ಡಪ್ಪಾ," ಎಂದಳು ತೊಕಾಸಾ.

ಎಲ್ಲರೂ ಅವಳ ಕಡೆ ತಿರುಗಿದರು. ಒಂದೇ ಮಾತು. ಹೇಳಿದರೆ ಆ ಮುದುಕನ ಕೈ ಇಳಿಯುತ್ತಿತ್ತು. ಅಮ್ಮ ಕೆಂಪಾದ ಕಣ್ಣಿನಿಂದ ಅವಳನ್ನು ನೋಡುತ್ತಿದ್ದಳು.

"ತೊಕಾಸಾ, ದೊಡ್ಡಮ್ಮಂಗೆ ಚಾಪೆ ಕೊಡು," ಎಂದ ಪೆನಿಯಾಸಿ, ಚಾಚಿದ ಕೈ ಚಾಚಿದಂತೆಯೇ.

ಅವಳು ಎದ್ದು ಚಾಪೆ ಕೊಟ್ಟಳು.

ಕೊನೆಗೆ ರೂಸಿಯಾತೆ ಹಲ್ಲನ್ನು ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಸುದ್ದಿ ಕೇಳಿ ಬಂದು ಸೇರಿದ್ದವರು ಪದ್ಧತಿಯಂತೆ ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು. ಅಣ್ಣ ತಮ್ಮಂದಿರು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ಕೆಲೆರಾ ಅತ್ತಳು. ಬಾಗಿಲಲ್ಲಿ ನಿಂತ ಸೈಮೋನಿ ಎಲ್ಲರಿಗಿಂತ ಜೋರಾಗಿ ಅತ್ತ. ಯಂಗೋನಾ ಕದಡಿದರು. ತೆಂಗಿನ ಚಿಪ್ಪು ಸುತ್ತಿ ಸುತ್ತಿ ಬಂತು. ದೊಡ್ಡಮ್ಮ ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನನ್ನೂ ಮರಗೆಣಸನ್ನೂ ತೊಕಾಸಾಳ ಮುಂದಿಟ್ಟು, ಮುಳ್ಳು ತೆಗೆದು ಕೈಯಾರೆ ಬಾಯಿಗಿಟ್ಟಳು. "ತಿನ್ನು ಮಗಳೇ. ಇನ್ನೇನೂ ಇಲ್ಲ. ಎಲ್ಲಾ ಹೋಯ್ತು. ಅಯ್ಯೋ, ಮೂಳೆ ಆಗಿದೀಯಲ್ಲೇ, ಗಾಳಿ ಬಂದ್ರೆ ಹಾರಿ ಹೋಗ್ತೀಯ." ಎಲ್ಲರೂ ನೋಡುತ್ತಿದ್ದರು. ತೊಕಾಸಾ ಅಗಿದಳು, ನುಂಗಿದಳು. ಇನ್ನೊಂದು ತುತ್ತಿಗೆ ಬಾಯಿ ತೆರೆದಳು. ಅದನ್ನು ಕಂಡು ಕೆಲೆರಾಳ ಮುಖ ಅರಳಿತು. ತಿಂಗಳುಗಳ ಮೇಲೆ ಅರಳಿದ ಮುಖ.

ಹೊರಡುವ ಹೊತ್ತಿಗೆ ನೀರು ಇಳಿದುಬಿಟ್ಟಿತ್ತು. ಅತ್ತು, ಕುಡಿದು, ಮಾತಾಡಿ, ಯಾರಿಗೂ ಇಳಿತದ ನೆನಪಿರಲಿಲ್ಲ. ದೋಣಿ ಕೆಸರಿನಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತಿತ್ತು. ಇಲ್ಲೇ ಉಳಿಯಿರಿ ಎಂದು ಅಣ್ಣ ಎಷ್ಟು ಕರೆದರೂ ಪೆನಿಯಾಸಿ ಕೇಳಲಿಲ್ಲ. ನೀರು ಬರುವವರೆಗೆ ದೋಣಿಯಲ್ಲೇ ಇರುತ್ತೇವೆಂದ. ಮೂವರೂ ಕೆಸರು ತುಳಿದುಕೊಂಡು ಹೋಗಿ ಹತ್ತಿದರು. ಕೆಲೆರಾ ಮುಂದೆ, ಪೆನಿಯಾಸಿ ಹಿಂದೆ. ತೊಕಾಸಾ ಅಪ್ಪನ ಕಡೆಗೆ ಹೆಜ್ಜೆಯಿಟ್ಟಾಗ ಅವನು ಪೆಟ್ರೋಲ್ ಡಬ್ಬಿಯನ್ನು ತನ್ನ ಪಕ್ಕದ ಹಲಗೆಗೆ ಎತ್ತಿಟ್ಟ. ಅವಳು ನಡುವಿನ ಹಲಗೆಯ ಮೇಲೆ ಕೂತಳು.

"ಮನಸ್ಸು ಎಷ್ಟು ಹಗುರ ಆಯ್ತು, ಅಲ್ವೇನ್ರೀ?" ಎಂದಳು ಕೆಲೆರಾ.

"ಹೂಂ."

"ಸೋಮವಾರ ಇವಳನ್ನ ಶಾಲೆಗೆ ಬಿಟ್ಟು ಬರೋಣ. ನೋಡಿದ್ರಾ, ಹೇಗೆ ಊಟ ಮಾಡಿದ್ಲು?"

"ಹೂಂ."

ದಡದ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಬೇರಿನ ಸಂದಿಯಿಂದ ಏಡಿಗಳು ಒಂದೊಂದಾಗಿ ಹೊರಬಂದು, ದೋಣಿಯ ನೆರಳಿನವರೆಗೂ ಬಂದು ನಿಂತವು. ಕೆಲೆರಾ ಮೆಲ್ಲಗೆ ಒಂದು ಚರ್ಚಿನ ಹಾಡು ಗುನುಗತೊಡಗಿದಳು.

"ನೀರು ಯಾವಾಗ ಬರುತ್ತಪ್ಪಾ?" ತೊಕಾಸಾ ಹಿಂದೆ ತಿರುಗಿ ಕೇಳಿದಳು.

ಪೆನಿಯಾಸಿ ಎಂಜಿನ್ನಿಗೆ ಮೆತ್ತಿದ್ದ ಕೆಸರನ್ನು ಬೆರಳಿನಿಂದ ಕೆರೆಯುತ್ತಿದ್ದ.

"ಬರುತ್ತೆ ಬಿಡು," ಎಂದಳು ಅಮ್ಮ ಹಾಡಿನ ನಡುವೆ.

ದೂರದಲ್ಲಿ, ಹವಳದ ದಿಬ್ಬದ ಆಚೆ, ನೀರು ಒಂದು ಬಿಳಿ ಗೆರೆಯ ಹಾಗೆ ಕಾಣುತ್ತಿತ್ತು. ಅಲ್ಲಿಂದ ದೋಣಿಯವರೆಗೂ ಬರೀ ಕೆಸರು, ಬಿಸಿಲಿಗೆ ಹೊಳೆಯುತ್ತ ಬಿದ್ದಿತ್ತು.