ಹಿಮ್ಮಡಿ ಕಂಡ ದಿನ

ನಾನು ಒಂದು ಡಿವಿಡಿ ಪ್ಲೇಯರ್. ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಥರ್ಮಾಕೋಲಿನ ನಡುವೆ ಮಲಗಿಕೊಂಡೇ ತುಮಕೂರಿಗೆ ಬಂದೆ. ಮೊದಲ ಕೆಲಸ ಒಂದು ಫೋಟೊ ಸ್ಟುಡಿಯೋದಲ್ಲಿ. ಎಷ್ಟು ಧಾರೆ, ಎಷ್ಟು ಆರತಕ್ಷತೆ ನೋಡಿದೆನೋ! ಸ್ಟುಡಿಯೋ ಮುಚ್ಚಿದಾಗ ಗುಬ್ಬಿಯ ಪಂಚಾಕ್ಷರಿ ನನ್ನನ್ನು ಕೊಂಡ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಯಾವತ್ತೂ ಚಿತ್ರವನ್ನು ಪೂರ್ತಿಯಾಗಿಯೇ ಕಳಿಸಿದ್ದೇನೆ. ಕತ್ತರಿಸಿದ್ದು ಟಿವಿ.

ಆ ದೊಡ್ಡ ಟಿವಿ ಪಂಚಾಕ್ಷರಿಯ ಹೆಮ್ಮೆ. ಹಳೆಯ ಡಿಸ್ಕ್ ಹಾಕಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತಿತ್ತು. ಅದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಜೂಮ್ ಒತ್ತಿ ಪರದೆ ತುಂಬಿಸಿದ. ಮೇಲೆ ತಲೆಗಳು ಹೋದವು, ಕೆಳಗೆ ಕಾಲುಗಳು ಹೋದವು. ಟಿವಿ ಅಂಗಡಿಯವನು ಇಟ್ಟಿದ್ದ ಕಣ್ಣು ಕುಕ್ಕುವ ಬೆಳಕನ್ನೂ ಹಾಗೇ ಉಳಿಸಿಕೊಂಡ.

ಮನೆಯಲ್ಲಿ ಒಂದು ಹಳೆಯ ವ್ಯಾಜ್ಯವಿತ್ತು. ಅವನ ಹೆಂಡತಿ ಗಂಗಾಂಬಿಕೆ ಹೈಸ್ಕೂಲಿನಲ್ಲಿ ಖೋ ಖೋ ಆಡಿದವಳು. ಜಿಲ್ಲಾ ಫೈನಲ್‌ನಲ್ಲಿ ಎದುರು ತಂಡದ ಕೊನೆಯ ಹುಡುಗಿಯನ್ನು ನೆಲಕ್ಕೆ ಹಾರಿ ಔಟ್ ಮಾಡಿ ಕಪ್ ಗೆದ್ದಿದ್ದಳು. ಆ ಹುಡುಗಿ ದಾಕ್ಷಾಯಣಿ. ಮುಂದೆ ಗಂಗಾಂಬಿಕೆ ಮದುವೆಯಾದದ್ದು ಅವಳ ಅಣ್ಣನನ್ನೇ! ಹಬ್ಬಕ್ಕೆ ಬಂದಾಗಲೆಲ್ಲ ನಾದಿನಿಯದು ಒಂದೇ ರಾಗ: "ಅತ್ತಿಗೆ ನನ್ನ ಮುಟ್ಲೇ ಇಲ್ಲ. ಅಂಪೈರ್ ಸುಮ್ನೆ ಸೀಟಿ ಊದ್ಬಿಟ್ಟ." ಎಲ್ಲರೂ ನಗುತ್ತಿದ್ದರು. ಗಂಗಾಂಬಿಕೆಯೂ ನಕ್ಕು, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಅವಳು ಗೆದ್ದ ಕಪ್ ಅದೊಂದೇ.

ಒಂದು ಗೌರಿ ಹಬ್ಬಕ್ಕೆ ಸರಿಯಾಗಿ ಅವಳ ಹಳೆಯ ಪಿ.ಟಿ. ಮೇಷ್ಟ್ರು ಆ ಫೈನಲ್‌ನ ವಿಡಿಯೊವನ್ನು ಡಿಸ್ಕ್‌ಗೆ ಹಾಕಿಸಿ ಕಳಿಸಿಕೊಟ್ಟರು. ಮನೆಯವರೆಲ್ಲ ಕೂತರು. ನಾನು ತಿರುಗಿದೆ. ಗಂಗಾಂಬಿಕೆ ಹಾರಿದಳು, ಪರದೆಯ ಕೆಳಗೆ ಮಾಯವಾದಳು. ಬಿಳಿ ಯೂನಿಫಾರಂ ಟ್ಯೂಬ್‌ಲೈಟಿನಂತೆ ಉರಿಯಿತು, ಅಷ್ಟೇ.

"ನೋಡಿದ್ರಾ?" ದಾಕ್ಷಾಯಣಿ ಚಪ್ಪಾಳೆ ತಟ್ಟಿದಳು. "ಕೈಯೂ ಇಲ್ಲ, ಕಾಲೂ ಇಲ್ಲ!"

ಗಂಗಾಂಬಿಕೆ ಗಂಡನ ಕೈಯಿಂದ ರಿಮೋಟ್ ಕಿತ್ತುಕೊಂಡಳು. ಜೂಮ್ ತೆಗೆದಳು.

"ಇಷ್ಟು ದೊಡ್ಡ ಟಿವಿ ತಂದಿದ್ದು ಕಪ್ಪು ಪಟ್ಟಿ ನೋಡೋಕಾ?" ಪಂಚಾಕ್ಷರಿ ರೇಗಿದ.

"ನೀವು ಸುಮ್ನಿರಿ! ನನ್ನ ಕೈಯೇ ಕತ್ತರಿಸಿ ಕೂರ್ಸಿದ್ದೀರಲ್ರೀ!"

ಕಪ್ಪು ಪಟ್ಟಿಗಳು ಬಂದವು. ಅವುಗಳ ನಡುವೆ ತಲೆ ಬಂತು, ಕಾಲು ಬಂತು. ಅವಳು ಮೆನು ತೆರೆದು ಬೆಳಕನ್ನು ಒಂದೊಂದೇ ಮೆಟ್ಟಿಲು ಇಳಿಸಿದಳು. ಬಿಳಿ ಉರಿ ಆರಿ, ಕೆಂಪು ಮಣ್ಣು ಕಂಡಿತು, ಧೂಳು ಕಂಡಿತು. ಈಗ ನನ್ನ ಸರದಿ. ಅವಳು ಅದೇ ದೃಶ್ಯಕ್ಕೆ ತಂದು ನಿಲ್ಲಿಸಿದಳು. ನಾನು ಉಸಿರು ಬಿಗಿಹಿಡಿದು, ಒಂದಿಷ್ಟೂ ನಡುಗದೆ ಚಿತ್ರವನ್ನು ಹಿಡಿದೆ.

ಚಾಚಿದ ಕೈ. ದಾಕ್ಷಾಯಣಿಯ ಹಿಮ್ಮಡಿ. ಹಿಮ್ಮಡಿಯ ಮೇಲೆ ಬೆರಳುಗಳು!

"ಔಟ್!" ಎಂದು ಗಂಗಾಂಬಿಕೆ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿಬಂದರು. ಪಂಚಾಕ್ಷರಿ ಕಪ್ಪು ಪಟ್ಟಿ ಮರೆತು ಸೀಟಿ ಹೊಡೆದ. ನಾನು ಹುಟ್ಟಿದ್ದು ಇದಕ್ಕೇ ಎನಿಸಿತು.

ದಾಕ್ಷಾಯಣಿ ಮಾತ್ರ ಪರದೆಯನ್ನೇ ನೋಡುತ್ತಿದ್ದಳು. "ನಂಗೆ ಅವತ್ತೇ ಗೊತ್ತಾಗಿತ್ತು ಅತ್ತಿಗೆ, ನಿಮ್ಮ ಉಗುರು ತಾಗಿತ್ತು" ಎಂದು ನಾಲಿಗೆ ಕಚ್ಚಿಕೊಂಡಳು. ಗಂಗಾಂಬಿಕೆ ಅವಳ ಬೆನ್ನಿಗೊಂದು ಗುದ್ದಿ, ತಬ್ಬಿಕೊಂಡಳು.

ಈಗ ನನಗೆ ವಯಸ್ಸಾಗಿದೆ. ಟ್ರೇ ಸಿಕ್ಕಿಕೊಂಡಿದೆ, ಡಿಸ್ಕ್‌ಗಳ ಕಾಲವೂ ಮುಗಿದಿದೆ. ಮೊನ್ನೆ ಗುಜರಿಯವನು ಬಂದಾಗ ಪಂಚಾಕ್ಷರಿ ನನ್ನನ್ನು ಬಾಗಿಲವರೆಗೂ ಎತ್ತಿಕೊಂಡು ಹೋದ. ತವರಿಗೆ ಬಂದಿದ್ದ ದಾಕ್ಷಾಯಣಿ ಅಡ್ಡ ನಿಂತಳು.

"ಇಡಣ್ಣ ಒಳಗೆ. ನಾನು ಸೋತಿದ್ದು ಅದರ ಮುಂದೆ. ಸುಮ್‌ಸುಮ್ನೆ ಯಾರಿಗಾದ್ರೂ ಸೋಲ್ತೀನಾ ನಾನು?"