ಉಲ್ಟಾ ತಿರುಗಿದ ಪಂಪು

"ಬಿಚ್ಚಿದ್ರೆ ವಾರಂಟಿ ಇರಲ್ಲ ಮೇಡಂ. ಜೋರಾಗಿ ನೀರು ಬೇಕಂದ್ರೆ ದೊಡ್ಡ ಪಂಪ್ ತಗೊಳ್ಳಿ," ಎಂದಿದ್ದ ಯಲಹಂಕದ ಮೀನಿನಂಗಡಿಯವನು. ಮನೆಗೆ ಬಂದು ನಾನು ಮೊದಲು ಮಾಡಿದ ಕೆಲಸವೇ ಅವನಿಂದ ಕೊಂಡ ಪುಟ್ಟ ಪಂಪನ್ನು ಬಿಚ್ಚಿದ್ದು.

ನನ್ನ ಗಾಜಿನ ತೊಟ್ಟಿಯಲ್ಲಿರುವುದು ಹೊಳೆಯ ಮೀನುಗಳು. ನೀರು ಹರಿಯದಿದ್ದರೆ ಮುನಿಸಿಕೊಂಡವರ ಹಾಗೆ ಮೂಲೆ ಹಿಡಿದುಬಿಡುತ್ತವೆ. ಪಂಪಿನೊಳಗಿನ ಪುಟ್ಟ ರೆಕ್ಕೆಗಳನ್ನು ತೆಗೆದು, ಕೆಟ್ಟುಹೋದ ಕೈಫ್ಯಾನಿನ ಅಗಲ ರೆಕ್ಕೆ ಕೂರಿಸಿದೆ. ನೀರಿಗಿಳಿಸಿ ಸ್ವಿಚ್ ಹಾಕಿದರೆ, ನೀರನ್ನು ಮುಂದಕ್ಕೆ ದೂಡುವ ಬದಲು ಪಂಪು ಹಿಂದಕ್ಕೆ ಎಳೆದುಕೊಂಡಿತು.

"ಉಲ್ಟಾ ತಿರುಗ್ತಿದೆ. ಹಾಳ್ ಮಾಡ್ದೆ," ಎಂದರು ನಮ್ಮ ಮನೆಯವರು, ಸೋಫಾದಿಂದ ಏಳದೆ. "ಬ್ಲೌಸ್ ಹೊಲಿಯೋಳಿಗೆ ಯಾಕ್ ಬೇಕಿತ್ತು ಇದೆಲ್ಲ?"

ಬ್ಲೌಸ್ ಹೊಲಿಯುವವಳಿಗೇ ಇದು ಗೊತ್ತಿರುವುದು. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನೂ ಒಮ್ಮೊಮ್ಮೆ ಹಿಂದಕ್ಕೆ ತಿರುಗಿ ದಾರ ಕಡಿಯುತ್ತದೆ. ಹಾಗಂತ ಯಾರೂ ಅದನ್ನು ಗುಜರಿಗೆ ಹಾಕುವುದಿಲ್ಲ. ನಿಲ್ಲಿಸಿ, ಮತ್ತೆ ತುಳಿಯುತ್ತೇವೆ. ಈ ಪುಟ್ಟ ಮೋಟಾರೂ ಹಾಗೆಯೇ, ಪ್ರತಿ ಸಲ ಹಾಕಿದಾಗಲೂ ಯಾವ ಕಡೆಗೆ ಬೇಕಾದರೂ ತಿರುಗಬಹುದು.

ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಉಲ್ಟಾ. ಇನ್ನೊಂದು ಸಲ ಹಾಕಿದೆ. ಆಗಲೂ ಉಲ್ಟಾ. ಮನೆಯವರು ನಕ್ಕರು. ನಾಲ್ಕನೆಯ ಸಲ ನೀರು ಮುಂದಕ್ಕೆ ನುಗ್ಗಿ ಎದುರಿನ ಗಾಜಿಗೆ ಬಡಿಯಿತು. ಮೀನುಗಳೆಲ್ಲ ಮೂಲೆ ಬಿಟ್ಟು ಬಂದು, ಆ ರಭಸಕ್ಕೆ ಮುಖ ಕೊಟ್ಟು ಈಜತೊಡಗಿದವು.

"ಕರೆಂಟ್ ಹೋಗಿ ಬಂದಾಗ್ಲೆಲ್ಲ ಹಿಂಗೇ ಮಾಡ್ತಾ ಕೂರ್ತೀಯಾ?" ಎಂದರು.

"ಕೂರ್ತೀನಿ ಕಣ್ರೀ. ಇದು ನಾಲ್ಕನೇ ಸಲಕ್ಕಾದ್ರೂ ಮಾತು ಕೇಳ್ತು. ನಿಮ್ಮನ್ನ ಆ ಸೋಫಾದಿಂದ ಎಬ್ಬಿಸೋಕೆ ನಂಗೆ ಇಪ್ಪತ್ತು ವರ್ಷ ಸಾಲ್ಲಿಲ್ಲ."