ಎರಡನೆಯ ಬಾಯಿ

ಲೋಹ ಕರಗಿಸುವ ಮೂಸೆಯ ಮಾತು ಬಿಟ್ಟು ಮುದುಕ ಮತ್ತೆ ತನ್ನ ಮೊಣಕಾಲಿನ ಕಡೆ ಹೊರಳಿದಾಗ, ಚೀಟಿ ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಬಂದು ಒಂದೂವರೆ ಗಂಟೆಯಾಗಿತ್ತು. ಮೊಣಕಾಲಿನ ನೋವು, ಅದಕ್ಕೆ ಹಚ್ಚುವ ಮುಲಾಮು, ಮುಲಾಮು ಕೊಟ್ಟ ಡಾಕ್ಟರ ಪೆದ್ದುತನ, ಎಲ್ಲ ಆಯಿತು. ಬೇಕಾಗಿದ್ದ ಒಂದು ಮಾತು ಮಾತ್ರ ಬಂದಿರಲಿಲ್ಲ.

ಈ ಮೇಷ್ಟ್ರು ಪಾಠ ಹೇಳುವ ಮೇಷ್ಟ್ರಲ್ಲ. ನಿಘಂಟಿನ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕಸುಬಿನವರ ಮಾತುಗಳನ್ನು ಚೀಟಿಗೆ ಇಳಿಸಿಕೊಂಡು ಬರುವ ಕೆಲಸ. ಹೊಸಬರನ್ನು ತಿದ್ದುವವರೂ ಅವರೇ ಆದ್ದರಿಂದ ಆ ಹೆಸರು ಅಂಟಿತ್ತು. ಕಚೇರಿಯ ನಿಯಮ ಎರಡೇ. ಒಂದು ಪದ ಅಚ್ಚಿಗೆ ಹೋಗಬೇಕಾದರೆ ಅದನ್ನು ಎರಡು ಬೇರೆ ಬೇರೆ ಬಾಯಿಂದ ಕೇಳಿರಬೇಕು. ಮತ್ತೆ, ಕೇಳಲು ಹೋದವನು ಆ ಪದವನ್ನು ತಾನಾಗಿ ಎತ್ತಕೂಡದು. ಹೀಗಾದರೆ ಏನಂತೀರಿ, ಹಾಗಾದರೆ ಏನಂತೀರಿ ಎಂದು ಸುತ್ತಿ ಬಳಸಿ ಕೇಳಿ, ಕಾದು ಕೂರಬೇಕು. ಎದುರಿನವರ ಕಿವಿಗೆ ಒಮ್ಮೆ ಹಾಕಿಬಿಟ್ಟರೆ ಮುಗಿಯಿತು. ಪಾಪ, ಮನೆಗೆ ಬಂದವರ ಮುಖ ನೋಡಿಕೊಂಡು ಯಾರು ಇಲ್ಲ ಅಂತಾರೆ?

ಈಗ ಬೇಕಾಗಿದ್ದ ಪದ ಅಡಿಗರಗು. ಮೂಸೆಗೆ ತುಂಬಿದ ಲೋಹದ ಚೂರುಗಳು ಮೇಲೆ ಇಟ್ಟದ್ದು ಇಟ್ಟ ಹಾಗೇ ಕಾಣುತ್ತಿರುತ್ತವೆ, ತಳದಲ್ಲಿ ಆಗಲೇ ನೀರಾಗಿರುತ್ತದೆ. ಆ ಹದಕ್ಕೆ ಆ ಹೆಸರು. ಅದಕ್ಕಿದ್ದ ಒಂದೇ ಒಂದು ಚೀಟಿಯಲ್ಲಿ ‘ಹೇಳಿದವರು’ ಎಂಬಲ್ಲಿ ಮೇಷ್ಟ್ರ ಹೆಂಡತಿಯ ಹೆಸರಿತ್ತು. ಆಕೆ ಗಂಟೆ ಎರಕ ಹೊಯ್ಯುವವನ ಮಗಳು. ಮದುವೆಯಾದ ಮೇಲೂ ತಂದೆಯ ಕಸುಬಿನ ಮಾತು ಬಿಟ್ಟವಳಲ್ಲ: ಬಾಣಲೆಯ ಬೆಣ್ಣೆ ಅಡಿಗರಗು, ಬಚ್ಚಲಿನ ಸೋಪು ಅಡಿಗರಗು. ಒಮ್ಮೆ ತುಂಬಿದ ಸಭೆಯಲ್ಲಿ ಭಾಷಣಕ್ಕೆ ಎದೆ ಸೆಟೆಸಿ ನಿಂತ ತನ್ನ ಅಣ್ಣನನ್ನು ತೋರಿಸಿ, "ನೋಡ್ರೀ, ಅಡಿಗರಗಾಗಿದಾನೆ, ಈಗ ಕುಸೀತಾನೆ" ಎಂದು ಕಿವಿಯಲ್ಲಿ ಉಸುರಿ, ಮೇಷ್ಟ್ರು ನಗು ತಡೆಯಲಾರದೆ ಎದ್ದು ಹೊರಗೆ ಹೋಗುವ ಹಾಗೆ ಮಾಡಿದ್ದಳು.

ಅವಳು ಹೋಗಿ ಮೂರು ವರ್ಷ. ಮನೆಯಲ್ಲಿ ಆ ಮಾತಾಡಲು ಈಗ ಯಾರಿದ್ದಾರೆ? ಒಬ್ಬರೇ ಆಡಿಕೊಂಡರೆ ಹುಚ್ಚು ಅಂತಾರೆ. ಆ ಪುಟ ನಾಡಿದ್ದು ಅಚ್ಚಿಗೆ ಹೋಗುವುದಿತ್ತು. ಅಷ್ಟರೊಳಗೆ ಎರಡನೆಯ ಬಾಯಿ ಸಿಗದಿದ್ದರೆ ಪದ ಬಿದ್ದುಹೋಗುತ್ತದೆ. ಅವಳದು ಅಂತ ಲೋಕದಲ್ಲಿ ಉಳಿಯುವುದಿದ್ದರೆ ಅದೊಂದೇ ಎಂದು ಮೇಷ್ಟ್ರಿಗೆ ಅನ್ನಿಸಿಬಿಟ್ಟಿತ್ತು. ಇದ್ದಬದ್ದ ಎರಕದವರನ್ನೆಲ್ಲ ವಿಚಾರಿಸಿ, ಹೊಳೆಯಾಚೆಯ ಬೇರೊಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೂಸೆ ಕಾಯ್ದ, ಈಗ ಒಂದೇ ಕೋಣೆಯಲ್ಲಿ ಒಬ್ಬನೇ ಇರುವ ಈ ಮುದುಕನನ್ನು ಪತ್ತೆ ಹಚ್ಚಿದ್ದರು.

"ಅದಲ್ಲ ಯಜಮಾನ್ರೇ," ಎಂದು ಮೂರನೆಯ ಸಲ ಶುರುಮಾಡಿದರು. "ಮೂಸೇಲಿ ಮೇಲೆ ಗಟ್ಟಿ, ಕೆಳಗೆ ನೀರು. ಆಗ ಏನಂತಿದ್ರಿ?"

ಮುದುಕ ಕಣ್ಣು ಕಿರಿದು ಮಾಡಿದ. ಆಗ ಹೊಸ ಚೂರು ಹಾಕಬಾರದು, ಹಾಕಿದರೆ ಸಿಡಿದು ಮೈಮೇಲೆ ಬರುತ್ತದೆ, ತನ್ನ ಜೊತೆಯವನೊಬ್ಬ ಹಾಗೇ ಒಂದು ಕಣ್ಣು ಕಳೆದುಕೊಂಡ ಎಂದ. ಆಮೇಲೆ ಮುಂಗೈಯ ಹಳೇ ಸುಟ್ಟ ಕಲೆಯನ್ನು ಸವರುತ್ತಾ, "ತಡೀರಿ. ಕೂಗಿ ಹೇಳ್ತಿದ್ವಿ ಅದನ್ನ, ಎಲ್ರೂ ಹಿಂದೆ ಸರೀಲಿ ಅಂತ. ನಾಲಿಗೆ ತುದೀಲೇ ಇದೆ" ಎಂದ.

ಮೇಷ್ಟ್ರು ಕಾದರು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಮುದುಕನ ತುಟಿ ಅಲ್ಲಾಡಿತು. ‘ಅ’ ಎಂಬಂಥದ್ದೇನೋ ಹೊರಟಿತು, ಮಾತಿನ ಮೊದಲೋ ಕೆಮ್ಮಿನ ಮೊದಲೋ. ಇನ್ನೊಂದು ನಿಮಿಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರೆ ಸಾಕಾಗಿತ್ತು. ಇದೇ ತಪ್ಪಿಗೆ ಎಷ್ಟು ಹೊಸಬರ ನೀರಿಳಿಸಿದ್ದರು ಈ ಮಹಾರಾಯರು!

"ಅಡಿಗರಗು ಅಂತಿದ್ರಾ?"

ಮುದುಕನ ಮುಖ ಅರಳಿತು. "ಅದೇ, ಅದೇ. ಅಡಿಗರಗು, ಸರೀರೋ, ಅಂತ ಕೂಗ್ತಿದ್ವಿ."

ಅವನು ಅದನ್ನು ನಾಲ್ಕು ಸಲ ಹೇಳಿದ. ಮೂರು ವರ್ಷದ ಮೇಲೆ ಇನ್ನೊಬ್ಬರ ಬಾಯಲ್ಲಿ ಆ ಮಾತು ಮೇಷ್ಟ್ರ ಕಿವಿಗೆ ಬಿತ್ತು. ಸಂತೋಷವೋ ಸಂಕಟವೋ, ಎರಡೂ. ನಿಜಕ್ಕೂ ಕೂಗುತ್ತಿದ್ದರೋ, ಬಂದವರು ಬೇಗ ಎದ್ದುಹೋಗದಿರಲಿ ಅಂತ ಹೇಳುತ್ತಿದ್ದಾನೋ, ಇನ್ನು ಯಾವ ದೇವರು ಬಂದರೂ ಹೇಳಲಾರ. ಹೊರಟಾಗ ಮುದುಕ ಬಾಗಿಲವರೆಗೆ ಕುಂಟುತ್ತಾ ಬಂದು, ಇಂಥವು ಇನ್ನೂ ಬೇಕಾದಷ್ಟಿವೆ, ನಾಳೆಯೂ ಬನ್ನಿ ಎಂದ.

ಮರುದಿನ ಸಂಪಾದಕಿ ಹೊಸ ಚೀಟಿ ಓದಿದರು. ಆಕೆ ಮೇಷ್ಟ್ರ ಕೈಕೆಳಗೇ ಕೆಲಸ ಕಲಿತವರು. ಮೊದಲ ಚೀಟಿಯಲ್ಲಿ ಯಾರ ಹೆಸರಿದೆ ಎಂಬುದೂ ಅವರಿಗೆ ಗೊತ್ತಿತ್ತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ಮೇಷ್ಟ್ರೇ, ಅವರೇ ಹೇಳಿದ್ದು ತಾನೆ?"

ಹೂಂ ಅಂದರೆ ಆಗಿತ್ತು. ನಂಬಲು ತಯಾರಾಗಿಯೇ ಆಕೆ ಕೇಳಿದ್ದರು, ಅದು ಮೇಷ್ಟ್ರಿಗೂ ತಿಳಿಯಿತು. ಹೆಂಡತಿಯ ಒಂದು ಮಾತು ಉಳಿಯಲು ನನ್ನ ಸುಳ್ಳು ಬೇಕಾಯಿತಲ್ಲ ಎಂದು ಅನ್ನಿಸಿತು.

"ಇಲ್ಲಮ್ಮ" ಎಂದರು. "ನಾನೇ ಹೇಳಿಬಿಟ್ಟೆ. ಕಾಯೋಕಾಗ್ಲಿಲ್ಲ."

ಆಕೆ ಪ್ರೂಫಿನ ಹಾಳೆ ತಿರುಗಿಸಿ ಮೇಷ್ಟ್ರ ಕಡೆ ಸರಿಸಿದರು. ಮೇಷ್ಟ್ರು ಕೆಂಪು ಪೆನ್ನಿನಿಂದ ಆ ಸಾಲನ್ನು ತಾವೇ ಹೊಡೆದು ಹಾಕಿದರು.

ಸಂಜೆಗೆ ಹೊಸ ಹಾಳೆ ಬಂತು. ಅಡಿಗಡಿಗೆ, ಅದರ ಕೆಳಗೆ ಅಡಿಗಲ್ಲು. ಕೆಳಗಿನ ಸಾಲು ಮೇಲೆ ಸರಿದು ಅಂಟಿಕೊಂಡಿತ್ತು. ಅಲ್ಲೊಂದು ಮಾತಿತ್ತು ಅನ್ನುವ ಗುರುತೂ ಇರಲಿಲ್ಲ. ಎರಡು ಪದಗಳ ನಡುವೆ ಬೆರಳಿಟ್ಟುಕೊಂಡು ಮೇಷ್ಟ್ರು ಕಚೇರಿ ಖಾಲಿಯಾಗುವವರೆಗೂ ಕೂತಿದ್ದರು.